ಟೆನರ್ ಸ್ಯಾಕ್ಸೋಫೋನೂ ನಮ್ಮ ಕದ್ರಿಯವರೂ

ಶ್ರೀಕಾರ್ಯಂನಲ್ಲಿ ನೆಲೆಸಿರುವ ಕನ್ನಡಿಗ ಮಿತ್ರರೊಬ್ಬರ ಮನೆಯಲ್ಲಿ ಈಚೆಗೆ ಒಂದು ಸಂಜೆ ಅಪ್ಪ-ಮಗನಿಗೆ ಸಣ್ಣದೊಂದು ಜಟಾಪಟಿಯಾಯಿತು. ಮಿತ್ರರು ಮೂಲತಃ ಬಂಟ್ವಾಳದ ಕಡೆಯವರು. ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರದಲ್ಲೇ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲೆಯಾಳ. ಅವನಿಗೆ ಜಾಜ್ ಸಂಗೀತದ ಹುಚ್ಚು ಹಿಡಿದಿದೆ. ಕಾಫಿಯ ಹೊತ್ತಿಗೆ ಸರಿಯಾಗಿ ಅವನು ಹಾಕಿದ ತಟ್ಟೆಯಿಂದ ಟೆನರ್ ಸ್ಯಾಕ್ಸೋಫೋನೊಂದು ಒಮ್ಮೆಲೇ ಗುಡುಗಿತು. ಮಿತ್ರರು ಲೋಟ ಕೆಳಗಿಟ್ಟು, “ಇದೆಂಥದ್ದು ಮಾರಾಯ, ಘಾಟಿ ಹತ್ತುವ ಲಾರಿಯ ಹಾಗೆ? ಸ್ಯಾಕ್ಸೋಫೋನ್ ಅಂದ್ರೆ ನಮ್ಮ ಕದ್ರಿ ಗೋಪಾಲನಾಥರದ್ದು. ಅವರು ನುಡಿಸುವಾಗ ಅದು ಸ್ಯಾಕ್ಸೋಫೋನ್ ಅಂತಲೇ ಮರೆತುಹೋಗ್ತದೆ” ಎಂದರು. ಹುಡುಗ ತಣ್ಣಗೆ ಕೇಳಿದ: “ಮರೆತುಹೋಗುವುದಾದ್ರೆ ಅದು ಯಾಕಪ್ಪ ಬೇಕಿತ್ತು? ನಾಗಸ್ವರವೇ ಸಾಕಿತ್ತಲ್ಲ?”

ನಾನು ಮಧ್ಯಸ್ಥಿಕೆಗೆ ಹೋಗಲಿಲ್ಲ. ಹೋಗುವ ನೈತಿಕ ಹಕ್ಕೂ ನನಗಿರಲಿಲ್ಲ. ಕದ್ರಿಯವರ ಕಛೇರಿ ಕೇಳಿ ಬಂದಾಗಲೆಲ್ಲ ‘ವಾದ್ಯ ಯಾವುದೆಂಬುದೇ ಮರೆತುಹೋಯಿತು’ ಎಂದು ಹೊಗಳಿದವರಲ್ಲಿ ನಾನೂ ಒಬ್ಬ. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವೆಂದೂ ಭಾವಿಸಿದ್ದೆ. ಹುಡುಗನ ಪ್ರಶ್ನೆ ಮಾತ್ರ ಮನೆಗೆ ಬಂದ ಮೇಲೂ ಬಿಡಲಿಲ್ಲ. ಅವನಿಂದಲೇ ಪಟ್ಟಿ ಬರೆಸಿಕೊಂಡು, ಟೆನರ್ ವಾದಕರ ಹೆಸರಾಂತ ತಟ್ಟೆಗಳನ್ನು ಒಂದು ತಿಂಗಳು ಕೇಳಿದೆ. ಜೊತೆಗೆ ಕದ್ರಿಯವರನ್ನೂ ಮತ್ತೆ ಕೇಳಿದೆ. ಈಗೆಲ್ಲ ತಟ್ಟೆ ತಿರುಗಬೇಕಾಗಿಲ್ಲ, ಅಂಗೈಯಗಲದ ಫೋನಿನಲ್ಲೇ ಎಲ್ಲವೂ ಸಿಗುತ್ತದೆ. ಆದರೂ ನಾನು ‘ತಟ್ಟೆ’ ಎಂದೇ ಬರೆಯುತ್ತೇನೆ. ಎರಡು ಬದಿ, ಬದಿಗೆ ಇಪ್ಪತ್ತು ನಿಮಿಷ ಎಂಬ ಆ ಅಳತೆಗೆ ಹೊಂದಿಸಿ ಕಟ್ಟಿದ ಸಂಗೀತ ಇದು.

ಮೊದಲು ವಾದ್ಯದ ಬಗ್ಗೆ ಎರಡು ಮಾತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದಾದರೂ ಸ್ವರ ಹುಟ್ಟುವುದು ಬಾಯಿಯಲ್ಲಿರುವ ಒಂದು ಸೀಳು ಬೆತ್ತದ ಪಟ್ಟಿಯಿಂದ. ನಾಗಸ್ವರದ ಸೀವಾಳಿಗೆ ಇದು ದೂರದ ನೆಂಟ ಎನ್ನಬಹುದು. ಆದರೆ ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಇದರಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸನ್ನೆ, ಮೆತ್ತೆಗಳ ಒಂದು ಕಾರ್ಖಾನೆಯೇ ಇದೆ. ಕೀಲಿ ಒತ್ತಿದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ನಡುವಿನ ಸ್ಥಿತಿಗೆ ಅದನ್ನು ಮಾಡಿದವನು ಎಡೆಯಿಟ್ಟಿಲ್ಲ. ನಮ್ಮ ಗಮಕವೆಲ್ಲ ಇರುವುದು ಆ ನಡುವಿನ ಸ್ಥಿತಿಯಲ್ಲೇ. ಈ ವಾದ್ಯದ ಕುಟುಂಬದಲ್ಲಿ ಕದ್ರಿಯವರು ಹಿಡಿದದ್ದು ಆಲ್ಟೋ. ಟೆನರ್ ಅದರ ಅಣ್ಣ: ಮೈ ದೊಡ್ಡದು, ಕೊರಳು ಹಂಸದಂತೆ ಬಾಗಿದ್ದು, ಸ್ಥಾಯಿ ಆಲ್ಟೋಗಿಂತ ಷಡ್ಜದಿಂದ ಶುದ್ಧ ಮಧ್ಯಮದಷ್ಟು ಕೆಳಗೆ. ಗಂಡಸಿನ ಮಾತಿನ ದನಿಗೆ ಹತ್ತಿರದ್ದು ಇದು. ಜಾಜ್‌ನಲ್ಲಿ ಇದೇ ರಾಜವಾದ್ಯವಾಗಿ ಬೆಳೆಯಲು ಅದೂ ಒಂದು ಕಾರಣವಿರಬೇಕು.

ಜಾಜ್‌ನ ಕಟ್ಟಡವನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದು ಕಷ್ಟವಲ್ಲ, ಅಪಾಯಕಾರಿ ಅಷ್ಟೆ. ಅದೂ ಮನೋಧರ್ಮ ಸಂಗೀತವೇ. ಮೊದಲು ಒಂದು ಹಾಡಿನ ಧಾಟಿ. ಆಮೇಲೆ ಒಬ್ಬೊಬ್ಬರೂ ಅದೇ ಆವರ್ತನದ ಮೇಲೆ ತಮ್ಮ ಕಲ್ಪನೆ ನಡೆಸುತ್ತಾರೆ. ಕೊನೆಗೆ ಧಾಟಿಗೆ ಮರಳುತ್ತಾರೆ. ವ್ಯತ್ಯಾಸವಿರುವುದು ನೆಲದಲ್ಲಿ. ನಮ್ಮಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ. ಗಾಯಕ ಎಲ್ಲಿಗೆ ಹೋದರೂ ಮನೆ ಅಲ್ಲೇ ಇರುತ್ತದೆ. ಅವರಲ್ಲಿ ಕೆಲವು ಮಾತ್ರೆಗಳಿಗೊಮ್ಮೆ ಕಾಲಡಿಯ ನೆಲವೇ ಸರಿಯುತ್ತದೆ. ಪಿಯಾನೋದವನು ಒತ್ತುವ ಸ್ವರಗುಚ್ಛ ಬದಲಾದೊಡನೆ, ಈ ಕ್ಷಣ ಮನೆಯಾಗಿದ್ದ ಸ್ವರ ಮರುಕ್ಷಣ ಪರಸ್ಥಳವಾಗುತ್ತದೆ. ಬಾಡಿಗೆ ಮನೆ ಬದಲಿಸುತ್ತಲೇ ಸಂಸಾರ ಮಾಡಿದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ.

ಪಟ್ಟಿಯಲ್ಲಿ ಮೊದಲಿದ್ದದ್ದು ಸೋನಿ ರೋಲಿನ್ಸರ ‘ಸ್ಯಾಕ್ಸೋಫೋನ್ ಕೊಲೋಸಸ್’. 1956ರ ಜೂನ್ 22ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್ ಎಂಬ ಊರಿನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಎಂಬ ಧ್ವನಿಮುದ್ರಣಕಾರರ ತಂದೆತಾಯಿಯ ಮನೆಯ ಪಡಸಾಲೆಯಲ್ಲಿ ಇದನ್ನು ಮುದ್ರಿಸಿದರು. ರೋಲಿನ್ಸರಿಗೆ ಆಗ ಇಪ್ಪತ್ತೈದು ವರ್ಷ. ಪಿಯಾನೋಗೆ ಟಾಮಿ ಫ್ಲಾನಗನ್, ಬಾಸ್‌ಗೆ ಡಗ್ ವಾಟ್ಕಿನ್ಸ್, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್. ಒಟ್ಟು ಐದೇ ರಚನೆಗಳು. ಮೊದಲನೆಯದು ‘ಸೇಂಟ್ ಥಾಮಸ್’. ರೋಲಿನ್ಸರು ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಹುಟ್ಟಿದವರು. ಹಿರಿಯರು ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ವಲಸೆ ಬಂದವರು. ತಾಯಿ ಮನೆಯಲ್ಲಿ ಗುನುಗುತ್ತಿದ್ದ ದ್ವೀಪದ ಹಾಡೊಂದನ್ನು ಮಗ ತಟ್ಟೆಯ ಬಾಗಿಲಲ್ಲೇ ಕೂರಿಸಿದ್ದಾನೆ. ಕುಣಿತದ ಧಾಟಿ, ಮಕ್ಕಳಿಗೂ ಒಂದೇ ಸಲಕ್ಕೆ ಬಾಯಿಗೆ ಬರುವಂಥದ್ದು. ಆದರೆ ಧಾಟಿ ಮುಗಿದ ಮೇಲೆ ರೋಲಿನ್ಸ್ ಮಾಡುವುದನ್ನು ಗಮನಿಸಿ. ಎರಡೇ ಸ್ವರಗಳನ್ನು ಎತ್ತಿಕೊಳ್ಳುತ್ತಾರೆ. ಅದನ್ನು ಮುಂದೆ ತಳ್ಳುತ್ತಾರೆ, ಹಿಂದೆ ಎಳೆಯುತ್ತಾರೆ, ತಾಳದ ತಪ್ಪು ಜಾಗದಲ್ಲಿ ಇಟ್ಟು ನೋಡುತ್ತಾರೆ. ತಮಾಷೆ ಮಾಡುತ್ತಿದ್ದಾರೋ ಎಂದುಕೊಳ್ಳುವಷ್ಟರಲ್ಲಿ ಆ ಎರಡು ಸ್ವರಗಳಿಂದಲೇ ಒಂದು ದೊಡ್ಡ ಮನೆ ಎದ್ದಿರುತ್ತದೆ.

ಕೊನೆಯ ‘ಬ್ಲೂ ಸೆವೆನ್’ ಇದಕ್ಕಿಂತ ಗಂಭೀರವಾದದ್ದು. ಬಾಸ್ ಒಂದೇ ನಡೆದುಬರುತ್ತದೆ, ಅಂಗಳದಲ್ಲಿ ಯಾರೋ ಶತಪಥ ಹಾಕುತ್ತಿರುವಂತೆ. ಆಮೇಲೆ ಟೆನರ್ ಒಂದು ಮೊಟಕು ವಾಕ್ಯ ನುಡಿದು ಸುಮ್ಮನಾಗುತ್ತದೆ. ಹನ್ನೊಂದು ನಿಮಿಷಗಳ ಉದ್ದಕ್ಕೂ ಆ ಮೊಟಕು ವಾಕ್ಯ ಮರೆಯಾಗುವುದಿಲ್ಲ. ಒಡೆಯುತ್ತದೆ, ಹಿಗ್ಗುತ್ತದೆ, ರೋಚ್‌ರ ಡ್ರಮ್ಮಿಗೂ ಹೋಗಿಬರುತ್ತದೆ. ಗುಂಥರ್ ಶುಲ್ಲರ್ ಎಂಬ ಅಮೆರಿಕದ ಸಂಗೀತಗಾರರು 1958ರಲ್ಲಿ ಇದೊಂದೇ ರಚನೆಯ ಮೇಲೆ ದೀರ್ಘ ವಿಮರ್ಶೆ ಬರೆದು, ಕಲ್ಪನೆಯೆಲ್ಲ ಮೂಲ ವಸ್ತುವಿನಿಂದಲೇ ಬೆಳೆದದ್ದನ್ನು ತೋರಿಸಿದರು. ನೆರವಲ್ ಕೇಳಿ ಬೆಳೆದ ನಮಗೆ ಇದರಲ್ಲಿ ಅಷ್ಟೊಂದು ಆಶ್ಚರ್ಯವಿಲ್ಲ: ಒಂದು ಸಾಲನ್ನು ಹಿಡಿದು, ಸಾಲನ್ನು ಬಿಡದೆ, ಸಾಲಿನೊಳಗಿನಿಂದಲೇ ಎಲ್ಲವನ್ನೂ ತೆಗೆಯುವುದು. ಆದರೂ ಹೇಳಬೇಕಾದ ಮಾತೊಂದಿದೆ. ನಮ್ಮ ಕಛೇರಿಗಳಲ್ಲಿ ಈಗ ನೆರವಲ್ ಎರಡು ಸುತ್ತಿಗೆ ದಣಿದು ಸ್ವರಗಳ ಲೆಕ್ಕಾಚಾರಕ್ಕೆ ಓಡಿಬಿಡುತ್ತದೆ. ರೋಲಿನ್ಸರಿಗೆ ಆ ಅವಸರವಿಲ್ಲ. ಈ ತಟ್ಟೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅವರು ಸುಮ್ಮನಿರುವ ಜಾಗಗಳು.

ಇಂಥ ತಟ್ಟೆ ಮಾಡಿದ ಮೂರು ವರ್ಷಕ್ಕೆ, 1959ರಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗ ಅವರು ಕಛೇರಿಗಳನ್ನೇ ನಿಲ್ಲಿಸಿಬಿಟ್ಟರು. ತನಗೆ ಬರುವುದು ಸಾಲದು ಎನಿಸಿತಂತೆ. ಅಭ್ಯಾಸಕ್ಕೆ ಕೂತರೆ ಅಕ್ಕಪಕ್ಕದ ಫ್ಲಾಟಿನವರಿಗೆ ತೊಂದರೆ. ಹಾಗಾಗಿ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಹೋಗಿ, ರೈಲು ದೋಣಿಗಳ ಸದ್ದಿನ ನಡುವೆ ಎರಡು ವರ್ಷ ಸಾಧಕ ಮಾಡಿದರು. 1962ರಲ್ಲಿ ಬಂದ ತಟ್ಟೆಗೆ ‘ದಿ ಬ್ರಿಜ್’ ಎಂದೇ ಹೆಸರು. ಆ ದಶಕದ ಕೊನೆಯ ಭಾಗದಲ್ಲಿ ಮತ್ತೊಮ್ಮೆ ಎಲ್ಲ ಬಿಟ್ಟು ಬಂದದ್ದು ಮಾತ್ರ ನಮ್ಮ ದೇಶಕ್ಕೆ, ಮುಂಬಯಿಯ ಪೊವಾಯಿಯಲ್ಲಿದ್ದ ಸ್ವಾಮಿ ಚಿನ್ಮಯಾನಂದರ ಆಶ್ರಮಕ್ಕೆ. ಚಿನ್ಮಯಾನಂದರು ಪೂರ್ವಾಶ್ರಮದಲ್ಲಿ ಎರ್ನಾಕುಳಂನ ಬಾಲಕೃಷ್ಣ ಮೆನೋನ್. ಕೊಚ್ಚಿಯ ನಮ್ಮ ಸದಸ್ಯರು ಈ ಸಂಗತಿಯನ್ನು ನೆರೆಹೊರೆಯವರ ಮುಂದೆ ಧಾರಾಳವಾಗಿ ಹೇಳಿಕೊಳ್ಳಬಹುದು. ಕಣ್ಣು ಮುಚ್ಚಿ ಕೂತರೆ ಧ್ಯಾನ ಕೂಡಿಬರುತ್ತಿಲ್ಲ ಎಂದು ಒದ್ದಾಡುತ್ತಿದ್ದಾಗ, ವಾದ್ಯ ನುಡಿಸುವುದೇ ನಿನ್ನ ಧ್ಯಾನ ಎಂಬ ಅರ್ಥದ ಸಮಾಧಾನ ಅಲ್ಲಿ ಸಿಕ್ಕಿತೆಂದು ರೋಲಿನ್ಸರು ಮುಂದೆ ನೆನೆಸಿಕೊಂಡಿದ್ದಾರೆ. 1978ರಲ್ಲಿ ಮುಂಬಯಿಯ ಮೊದಲ ‘ಜಾಜ್ ಯಾತ್ರಾ’ ಉತ್ಸವಕ್ಕೂ ಅವರು ಬಂದು ನುಡಿಸಿದರು.

ಜಾನ್ ಕೋಲ್ಟ್ರೇನರ ವಿಷಯದಲ್ಲಿ ನನಗೆ ಎರಡು ಮನಸ್ಸು. 1959ರಲ್ಲಿ ಮುದ್ರಿತವಾಗಿ 1960ರಲ್ಲಿ ಹೊರಬಂದ ‘ಜಯಂಟ್ ಸ್ಟೆಪ್ಸ್’ ತಟ್ಟೆಯ ಅದೇ ಹೆಸರಿನ ರಚನೆಯಲ್ಲಿ ನೆಲ ಸರಿಯುವ ವೇಗ ಎಷ್ಟೆಂದರೆ, ಓಡುವ ರೈಲಿನಲ್ಲಿ ನಿಂತು ಗ್ರಹಭೇದ ಮಾಡಿದಂತಿದೆ. ಮೂರು ಬೇರೆ ಬೇರೆ ಷಡ್ಜಗಳ ನಡುವೆ ಪುರುಸೊತ್ತಿಲ್ಲದ ತಿರುಗಾಟ. ‘ಕೊಲೋಸಸ್’ನಲ್ಲಿ ಅಷ್ಟು ಸೊಗಸಾಗಿ ನುಡಿಸಿದ ಅದೇ ಟಾಮಿ ಫ್ಲಾನಗನ್ ಇಲ್ಲಿ ತನ್ನ ಸರದಿ ಬಂದಾಗ ತಡವರಿಸುವುದು ತಟ್ಟೆಯಲ್ಲಿ ಹಾಗೇ ಉಳಿದಿದೆ. ಪಾಪ, ಅವರ ಸ್ಥಿತಿ ನೋಡಿ ನನಗೆ ಮರುಕವಾಯಿತು. ಕೋಲ್ಟ್ರೇನರ ಸಾಮರ್ಥ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಎರಡನೆಯ ಸಲ ಹಾಕಿಕೊಂಡು ಕೇಳುವ ಆಸೆ ಹುಟ್ಟಲಿಲ್ಲ. ಜಟಿಲವಾದ ಪಲ್ಲವಿಯನ್ನು ತಪ್ಪಿಲ್ಲದೆ ಮುಗಿಸಿದವರನ್ನು ಕಂಡಾಗ ಆಗುವಂಥದೇ ಮೆಚ್ಚುಗೆ ಇದು.

‘ಎ ಲವ್ ಸುಪ್ರೀಮ್’ ಹಾಗಲ್ಲ. 1964ರ ಡಿಸೆಂಬರ್ 9ರಂದು ಮುದ್ರಿಸಿ 1965ರಲ್ಲಿ ಹೊರತಂದ ಈ ತಟ್ಟೆಯಲ್ಲಿ ಕೋಲ್ಟ್ರೇನರ ಜೊತೆ ಪಿಯಾನೋಗೆ ಮೆಕಾಯ್ ಟೈನರ್, ಬಾಸ್‌ಗೆ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ಗೆ ಎಲ್ವಿನ್ ಜೋನ್ಸ್ ಇದ್ದಾರೆ. 1957ರಲ್ಲಿ ಮದ್ದು-ಮದ್ಯಗಳ ಹಿಡಿತದಿಂದ ಪಾರಾದದ್ದು ದೈವಕೃಪೆಯೆಂದು ನಂಬಿದ್ದ ಮನುಷ್ಯ ದೇವರಿಗೆ ಸಲ್ಲಿಸಿದ ಕಾಣಿಕೆ ಇದು. ಹಾಗೆಂದು ಹೊದಿಕೆಯ ಮೇಲೆ ಅವರೇ ಬರೆದುಕೊಂಡಿದ್ದಾರೆ. ನಾಲ್ಕು ಭಾಗಗಳು, ಒಟ್ಟು ಅರ್ಧ ಗಂಟೆಗೆ ತುಸು ಹೆಚ್ಚು. ಮೊದಲ ಭಾಗದಲ್ಲಿ ಬಾಸ್ ನಾಲ್ಕು ಸ್ವರಗಳ ಒಂದು ಪುಟ್ಟ ಪದಗುಚ್ಛ ಹಿಡಿಯುತ್ತದೆ. ಕೋಲ್ಟ್ರೇನರು ಕೊನೆಯಲ್ಲಿ ಅದೇ ಗುಚ್ಛವನ್ನು ಹನ್ನೆರಡು ಸ್ವರಸ್ಥಾನಗಳಲ್ಲೂ ಇಟ್ಟು ನುಡಿಸುತ್ತಾರೆ; ಪ್ರದಕ್ಷಿಣೆ ಬಂದಂತೆ. ಅದು ಮುಗಿದಾಗ ವಾದ್ಯ ಕೆಳಗಿಟ್ಟು, ತಟ್ಟೆಯ ಹೆಸರಿನ ಮೂರು ಪದಗಳನ್ನೇ ಬಾಯಿಂದ ಮತ್ತೆ ಮತ್ತೆ ಜಪಿಸುವುದು ಕೇಳುತ್ತದೆ.

ಆದರೆ ನಾನು ಕುರ್ಚಿಯ ತುದಿಗೆ ಬಂದು ಕೂತದ್ದು ನಾಲ್ಕನೆಯ ಭಾಗಕ್ಕೆ. ಅದರಲ್ಲಿ ತಾಳದ ಹಂಗಿಲ್ಲ. ಡ್ರಮ್ಮು ದೂರದ ಗುಡುಗಿನಂತೆ ಉರುಳುತ್ತಿರುತ್ತದೆ. ಟೆನರ್ ಮಾತನಾಡುವಂತೆ ನಿಧಾನವಾಗಿ ವಾಕ್ಯ ವಾಕ್ಯವಾಗಿ ನುಡಿಯುತ್ತದೆ. ಕೋಲ್ಟ್ರೇನರು ದೇವರನ್ನು ಕುರಿತು ಬರೆದ ಒಂದು ಪದ್ಯ ಹೊದಿಕೆಯೊಳಗೆ ಅಚ್ಚಾಗಿದೆ. ಅದನ್ನು ಕೈಯಲ್ಲಿ ಹಿಡಿದು ಕೇಳಿದರೆ ವಾದ್ಯ ನುಡಿಸುತ್ತಿರುವುದು ಅದೇ ಪದ್ಯವನ್ನು, ಅಕ್ಷರಕ್ಕೆ ಸ್ವರವಿಟ್ಟು, ಎಂಬುದು ತಿಳಿಯುತ್ತದೆ. ನಾಗಸ್ವರದವರು, ಕೊಳಲಿನವರು ಕೃತಿ ನುಡಿಸುವಾಗ ಸಾಹಿತ್ಯ ಕಿವಿಗೆ ಬೀಳಬೇಕು ಎಂಬ ನಿಯಮ ನಮ್ಮಲ್ಲಿ ತಲೆಮಾರುಗಳಿಂದ ಇದೆಯಲ್ಲ! ದೇವರನಾಮವನ್ನು ಕೊಳಲಲ್ಲಿ ಕೇಳುವಾಗ ನಮ್ಮ ತುಟಿ ತಾನಾಗಿ ಅಲುಗುವುದು ಅದಕ್ಕೇ. ಜಗತ್ತಿನ ಆ ಬದಿಯಲ್ಲಿ, ನಮ್ಮ ಸಂಪ್ರದಾಯದ ಗುರುವಿಲ್ಲದೆ, ಒಬ್ಬ ಮನುಷ್ಯ ಅದೇ ಜಾಗಕ್ಕೆ ಬಂದು ನಿಂತಿದ್ದಾನೆ. ಅವರಿಗೆ ನಮ್ಮ ದೇಶದ ಸಂಗೀತದ ಪರಿಚಯ ಇಲ್ಲದಿರಲಿಲ್ಲ: 1961ರಲ್ಲಿ ಸೊಪ್ರಾನೋ ಸ್ಯಾಕ್ಸೋಫೋನಿನಲ್ಲಿ ‘ಇಂಡಿಯಾ’ ಎಂಬ ರಚನೆ ನುಡಿಸಿದ್ದರು, 1965ರಲ್ಲಿ ಹುಟ್ಟಿದ ಮಗನಿಗೆ ಪಂಡಿತ್ ರವಿಶಂಕರರ ಹೆಸರನ್ನೇ ಇಟ್ಟರು. 1967ರಲ್ಲಿ ನಲವತ್ತನೆಯ ವಯಸ್ಸಿಗೇ ತೀರಿಕೊಂಡರು.

ಸಾಹಿತ್ಯದ ಮಾತು ಬಂದದ್ದರಿಂದ ಡೆಕ್ಸ್ಟರ್ ಗಾರ್ಡನ್ನರನ್ನು ಬಿಡುವಂತಿಲ್ಲ. ನಿಧಾನದ ಹಾಡನ್ನು ನುಡಿಸುವ ಮುನ್ನ ಅದರ ಸಾಹಿತ್ಯದ ಒಂದೆರಡು ಸಾಲನ್ನು ಸಭೆಗೆ ಗಂಭೀರವಾಗಿ ಹೇಳಿಯೇ ಶುರುಮಾಡುವುದು ಅವರ ಪದ್ಧತಿಯಾಗಿತ್ತು. 1962ರ ಅವರ ‘ಗೋ’ ಹೊಸಬರಿಗೆ ನಾನು ಮೊದಲು ಕೊಡುವ ತಟ್ಟೆ. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ನಡೆಯುವ ಧೀಮಂತ ನಡಿಗೆ. ಅವಸರದವರನ್ನು ನೋಡಿ ನಗುವ ಜಮೀನ್ದಾರರಂತೆ. ಬೆನ್ ವೆಬ್‌ಸ್ಟರರು ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಜೊತೆ 1959ರಲ್ಲಿ ಮಾಡಿದ ತಟ್ಟೆಯಲ್ಲಿ ಇನ್ನೊಂದು ವಿಸ್ಮಯವಿದೆ. ಒಂದೊಂದು ವಾಕ್ಯದ ಕೊನೆಗೆ ಸ್ವರ ಕರಗಿ ಬರಿಯ ಉಸಿರಾಗುತ್ತದೆ. ‘ಹಾ’ ಎಂಬ ಗಾಳಿ ಮಾತ್ರ ಉಳಿಯುತ್ತದೆ. ನಮ್ಮ ಕಿವಿಗೆ ಅದು ದೋಷ. ಎರಡನೆಯ ರಾತ್ರಿಗೆ ನನಗೆ ಆ ಗಾಳಿಯೇ ಬೇಕೆನಿಸಿತು. ಸ್ಟಾನ್ ಗೆಟ್ಸ್ ಬ್ರೆಜಿಲಿನ ಗಾಯಕ ಜೊವಾವೊ ಜಿಲ್ಬರ್ಟೋ ಜೊತೆ ಮಾಡಿದ 1964ರ ತಟ್ಟೆ ಜಗತ್ತಿನಾದ್ಯಂತ ಮಾರಾಟವಾಯಿತು, ಗ್ರ್ಯಾಮಿಯನ್ನೂ ಪಡೆಯಿತು. ಒಳ್ಳೆಯ ಪಾಲಡ ಪಾಯಸ. ಎರಡು ಲೋಟಕ್ಕಿಂತ ಹೆಚ್ಚು ನನಗಾಗಲಿಲ್ಲ. ಇವರೆಲ್ಲರಿಗೂ ಹಿರಿಯರಾದ ಕೋಲ್ಮನ್ ಹಾಕಿನ್ಸ್ ಮೂರೇ ನಿಮಿಷದ ‘ಬಾಡಿ ಅಂಡ್ ಸೋಲ್’ ಮುದ್ರಿಸಿದ್ದು 1939ರ ಅಕ್ಟೋಬರ್ 11ರಂದು. ಧಾಟಿಯ ಮುಖ ತೋರಿಸಿ, ಮರುಕ್ಷಣದಿಂದ ಎಲ್ಲವೂ ಸ್ವಂತ ಕಲ್ಪನೆ. ಟೆನರ್ ಎಂಬುದೊಂದು ಗಂಭೀರ ವಾದ್ಯ ಎಂದು ಲೋಕಕ್ಕೆ ತಿಳಿದದ್ದು ಅಲ್ಲಿಂದ ಎನ್ನುತ್ತಾರೆ. ಸರಿಯಾಗಿ ಎಂಬತ್ತು ವರ್ಷಗಳ ಮೇಲೆ, 2019ರ ಅಕ್ಟೋಬರ್ 11ರಂದು, ಮಂಗಳೂರಿನಲ್ಲಿ ಕದ್ರಿ ಗೋಪಾಲನಾಥರು ತೀರಿಕೊಂಡರು. ತಾರೀಕುಗಳ ಈ ಹೊಂದಾಣಿಕೆಗೆ ಯಾವ ಅರ್ಥವೂ ಇಲ್ಲ. ಆದರೂ ಬರೆಯದೆ ಇರಲಾಗಲಿಲ್ಲ.

ಕದ್ರಿಯವರ ಕಥೆ ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಜನನ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನು ಕಂಡು ಮರುಳಾದ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರಲ್ಲಿ ಪಾಠ, ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ. ಈ ಎರಡನೆಯ ಗುರುಗಳು ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದವರು, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು ಎಂಬುದನ್ನು ನಮ್ಮಲ್ಲಿ ಕೆಲವರು ಗಮನಿಸಿರಲಾರರು. ಪರದೇಶದ ವಾದ್ಯ ನಮ್ಮದಾಗುವುದು ಕೇರಳದ ನೆಲಕ್ಕೆ ಹೊಸತೂ ಅಲ್ಲ. ಇದೇ ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ತಂಜಾವೂರಿನ ವಡಿವೇಲು ಅವರಿಗೆ ದಂತದ ಪಿಟೀಲನ್ನು ಉಡುಗೊರೆಯಾಗಿ ಕೊಟ್ಟದ್ದು 1834ರಲ್ಲಿ. ಇಂದು ಪಿಟೀಲನ್ನು ಪರಕೀಯವೆಂದು ಯಾರೂ ಹೇಳುವುದಿಲ್ಲ. ಆದರೆ ಪಿಟೀಲಿಗೆ ಕೀಲಿಗಳಿರಲಿಲ್ಲ. ಬೆರಳು ಜಾರಿದರೆ ಸ್ವರವೂ ಜಾರುತ್ತದೆ. ಕದ್ರಿಯವರ ಮುಂದಿದ್ದ ಗೋಡೆ ಅದಕ್ಕಿಂತ ಎತ್ತರ. ಕೀಲಿಯನ್ನು ಅರ್ಧ ಒತ್ತಿ, ತುಟಿಯ ಬಿಗಿಯನ್ನು ಸಡಿಲಿಸಿ, ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡುಗಳನ್ನೂ ಮಾಡಿಕೊಂಡು, ಇಲ್ಲದ ನಡುವಿನ ಸ್ಥಿತಿಯನ್ನು ಅವರು ಸೃಷ್ಟಿಸಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಕ್ಯಾಲಿಫೋರ್ನಿಯದ ಜಾನ್ ಹ್ಯಾಂಡಿಯವರ ಭೇಟಿಯಾದದ್ದು ಅವರ ಜೀವನದ ತಿರುವು. ಹ್ಯಾಂಡಿ ಅಷ್ಟರಲ್ಲಾಗಲೇ ಉಸ್ತಾದ್ ಅಲಿ ಅಕ್ಬರ್ ಖಾನರ ಜೊತೆ ‘ಕರುಣಾ ಸುಪ್ರೀಮ್’ ಎಂಬ ತಟ್ಟೆ ಮಾಡಿದ್ದವರು; ಆ ಹೆಸರು ಯಾರ ನೆನಪಿನದೆಂದು ಹೇಳಬೇಕಾಗಿಲ್ಲ. 1994ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನ ಪ್ರಾಮ್ಸ್ ವೇದಿಕೆ, ಅದೇ ವರ್ಷ ‘ಡ್ಯುಯೆಟ್’ ಚಿತ್ರ, 2004ರಲ್ಲಿ ಪದ್ಮಶ್ರೀ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕದ್ರಿಯವರು ಸ್ಯಾಕ್ಸೋಫೋನನ್ನು ಮರೆಸಿದರೇ? ಟೆನರಿನ ತಟ್ಟೆಗಳನ್ನು ಕೇಳಿದ ಮೇಲೆ ಮತ್ತೆ ಕದ್ರಿಯವರನ್ನು ಕೇಳಿದಾಗ ನನಗೆ ಸ್ಪಷ್ಟವಾದದ್ದು ಇದು: ಅವರು ಕೆಲವನ್ನು ಬಿಟ್ಟರು, ಕೆಲವನ್ನು ಉಳಿಸಿಕೊಂಡರು. ಸ್ವರದ ಆರಂಭದಲ್ಲಿ ನಾಲಗೆ ಕೊಡುವ ಪೆಟ್ಟು, ಗಂಟಲಿನ ಗುರುಗುಟ್ಟುವಿಕೆ, ಸ್ವರದ ತುದಿಯ ಆ ಉಸಿರಿನ ಗಾಳಿ, ವಾದ್ಯದ ತಳದ ಒರಟುತನ ಇವನ್ನೆಲ್ಲ ಬಿಟ್ಟರು. ಉಳಿಸಿಕೊಂಡದ್ದು ಹಿತ್ತಾಳೆಯ ಹೊಳಪನ್ನು ಮತ್ತು ಆಲ್ಟೋದ ಮಧ್ಯ ಸ್ಥಾಯಿಯಲ್ಲಿರುವ ಒಂದು ಬಗೆಯ ಬೆಣ್ಣೆಯಂಥ ಮೃದುತ್ವವನ್ನು. ತೆರೆದ ಬಯಲಿಗೆ, ರಥಬೀದಿಗೆ ಹುಟ್ಟಿದ ನಾಗಸ್ವರಕ್ಕೆ ಪಿಸುಮಾತು ಅಷ್ಟು ಸುಲಭವಲ್ಲ. ಕದ್ರಿಯವರು ಮೆಲ್ಲನೆ ರಾಗ ಬಿಡಿಸುವ ಜಾಗಗಳಲ್ಲಿ ಕೇಳಿಸುವುದು ಶುದ್ಧ ಸ್ಯಾಕ್ಸೋಫೋನು. ಅದು ಮರೆಯಾಗಿಲ್ಲ, ನಾವೇ ಗಮನಿಸಿಲ್ಲ. ‘ಮರೆತುಹೋಯಿತು’ ಎಂದು ಹೊಗಳಿದ್ದು ಅವರ ಅರ್ಧ ಸಾಧನೆಯನ್ನು ಕಾಣದೆ ಆಡಿದ ಮಾತು. ನನ್ನ ಮಟ್ಟಿಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇದರಿಂದ ಆದ ನಷ್ಟವೊಂದಿದೆ. ದಕ್ಷಿಣ ಕನ್ನಡದ ಮದುವೆ ಮಂಟಪಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಈಗ ಸ್ಯಾಕ್ಸೋಫೋನು ನಮ್ಮ ಮನೆಯ ವಾದ್ಯವೇ ಆಗಿಬಿಟ್ಟಿದೆ. ಒಳ್ಳೆಯದೇ. ಆದರೆ ಅದನ್ನು ಹಿಡಿದ ಎಳೆಯರಲ್ಲಿ ಹೆಚ್ಚಿನವರು ಕದ್ರಿಯವರು ಗಳಿಸಿದ್ದನ್ನು ಅನುಕರಿಸುವಷ್ಟೇ ನಿಷ್ಠೆಯಿಂದ ಅವರು ಬಿಟ್ಟದ್ದನ್ನೂ ಬಿಡುತ್ತಾರೆ. ಅವರ ಕೈಯಲ್ಲೂ ಆಲ್ಟೋವೇ, ಅದೇ ನಾದ, ಅದೇ ಜಾರು. ಕದ್ರಿಯವರು ಬಿಟ್ಟದ್ದು ಯೋಚಿಸಿ ಬಿಟ್ಟದ್ದು; ಇವರಿಗೆ ಬಿಡಲು ಏನಿತ್ತೆಂಬುದೇ ಗೊತ್ತಿಲ್ಲ. ಮಂದ್ರದಲ್ಲಿ ಒಂದು ತೋಡಿಯನ್ನು ಟೆನರಿನಲ್ಲಿ ಯಾರಾದರೂ ನಿಧಾನವಾಗಿ ಬಿಡಿಸಿದರೆ ಹೇಗಿದ್ದೀತು ಎಂದು ಈ ತಿಂಗಳೆಲ್ಲ ನಾನು ಕಲ್ಪಿಸಿಕೊಂಡಿದ್ದೇನೆ.

ಎರಡೂ ಕಡೆಯವರು ಒಟ್ಟಿಗೆ ಕೂತ ತಟ್ಟೆಗಳಲ್ಲಿ ಎರಡು ಕನ್ನಡಿಗರಿಗೆ ಮುಖ್ಯವಾದವು. ಮೊದಲನೆಯದು 1983ರ ‘ಜ್ಯೋತಿ’. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಮತ್ತು ಸಂಗಡಿಗರು ಅಮೆರಿಕದ ಚಾರ್ಲಿ ಮರಿಯಾನೋ ಜೊತೆ ಮಾಡಿದ್ದು. ಮರಿಯಾನೋ ನಾಗಸ್ವರವನ್ನು ಕಲಿತವರು. ಅದು ಕೇಳಿದೊಡನೆ ತಿಳಿಯುತ್ತದೆ. ರಮಾಮಣಿಯವರ ಕಂಠದ ಹಿಂದೆ ಅವರು, ಚಪ್ಪಲಿ ಹೊರಗೆ ಬಿಟ್ಟು ಒಳಬಂದ ಅತಿಥಿಯಂತೆ, ಬಹಳ ಮರ್ಯಾದೆಯಿಂದ ನುಡಿಸುತ್ತಾರೆ. ಆ ಮರ್ಯಾದೆಯೇ ಸ್ವಲ್ಪ ಹೆಚ್ಚಾಯಿತೇನೋ. ಸುಂದರವಾದ ತಟ್ಟೆ, ಜಗಳವಿಲ್ಲದ ತಟ್ಟೆ.

ಜಗಳ ಬೇಕಾದವರು 2008ರ ‘ಕ್ವಿನ್ಸ್‌ಮನ್’ ಅಲ್ಲ, ‘ಕಿನ್ಸ್‌ಮೆನ್’ ಕೇಳಬೇಕು. (ನಮ್ಮ ಮಿತ್ರರು ಇಂದಿಗೂ ಮೊದಲನೆಯ ಹೆಸರಿನಿಂದಲೇ ಕರೆಯುತ್ತಾರೆ.) ನೆಂಟರು ಎಂದು ಅರ್ಥ. ಇದರ ನಾಯಕ ರುದ್ರೇಶ್ ಮಹಾಂತಪ್ಪ, ಕನ್ನಡ ನಾಡಿನಿಂದ ಅಮೆರಿಕಕ್ಕೆ ಹೋದ ಭೌತವಿಜ್ಞಾನದ ಪ್ರಾಧ್ಯಾಪಕರ ಮಗ. ಬೆಳೆದದ್ದು ಕೊಲರಾಡೋದ ಬೌಲ್ಡರಿನಲ್ಲಿ. ಕಲಿತದ್ದು ಜಾಜ್, ನುಡಿಸುವುದು ಆಲ್ಟೋ. ಹೆಸರು, ಮೈಬಣ್ಣ ನೋಡಿದವರೆಲ್ಲ ಅವರಿಗೆ ಭಾರತೀಯ ಸಂಗೀತ ಬರುತ್ತದೆಂದೇ ತಿಳಿಯುತ್ತಿದ್ದರು. ಅವರಿಗೋ ಅದರ ಗಂಧವೂ ಇರಲಿಲ್ಲ. ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟ: ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’, ಕದ್ರಿ ಗೋಪಾಲನಾಥ್. ತಮಾಷೆ ಎಲ್ಲಿಂದ ಎಲ್ಲಿಗೆ ಹೋಯಿತೆಂದರೆ, ವರ್ಷಗಳ ಮೇಲೆ ತಮ್ಮ ಕದ್ರಿಯವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ತಟ್ಟೆ ಮಾಡಿದರು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ. ಆ ಕಡೆಯಿಂದ ಗಿಟಾರ್, ಬಾಸ್, ಡ್ರಮ್ಸ್.

ಇಬ್ಬರದೂ ಆಲ್ಟೋ ಆದರೂ ಯಾರು ಯಾರೆಂದು ತಿಳಿಯಲು ಒಂದು ಕ್ಷಣ ಸಾಕು. ಒಬ್ಬರ ಸ್ವರಕ್ಕೆ ಮೂಲೆಗಳೇ ಇಲ್ಲ. ಇನ್ನೊಬ್ಬರದು ಎಲ್ಲವೂ ಮೂಲೆ. ‘ಗಣೇಶ’ದಲ್ಲಿ ಇಬ್ಬರೂ ಪೈಪೋಟಿಗೆ ಇಳಿಯುತ್ತಾರೆ. ‘ಕಲ್ಯಾಣಿ’ಯಲ್ಲಿ ಕದ್ರಿಯವರು ಮನೆಯ ಯಜಮಾನರು, ನೆಲ ಅವರಿಗಾಗಿ ನಿಂತಿದೆ, ಸರಿಯುವುದಿಲ್ಲ. ಮುಖ್ಯ ರಚನೆಗಳ ನಡುವೆ ಕಿರು ಆಲಾಪನೆಗಳಿವೆ. ನನಗೆ ಹೆಚ್ಚು ಹಿಡಿಸಿದ್ದು ಅವು. ದೋಷಗಳಿಲ್ಲವೆಂದಲ್ಲ. ಮೃದಂಗವೂ ಡ್ರಮ್ಮೂ ಒಟ್ಟಿಗೆ ಹೊರಟಾಗ ಸಂತೆಯಾಗುತ್ತದೆ, ಪಾಪ ಮೃದಂಗದ ಎಡಗೈ ಕೇಳಿಸುವುದೇ ಇಲ್ಲ. ರುದ್ರೇಶರು ಕೆಲವೆಡೆ ಮಾತು ಮುಗಿದ ಮೇಲೂ ಮಾತನಾಡುತ್ತಾರೆ. ಆದರೆ ಅವರು ಕದ್ರಿಯವರಂತೆ ನುಡಿಸಲು ಒಂದು ಕಡೆಯೂ ಹೋಗುವುದಿಲ್ಲ. ತನಗೆ ಬಾರದ ಗಮಕವನ್ನು ಬರುವಂತೆ ನಟಿಸುವುದಿಲ್ಲ. ತನ್ನ ಉಚ್ಚಾರಣೆಯಲ್ಲೇ ನೆಂಟನ ಜೊತೆ ಮಾತನಾಡುತ್ತಾರೆ, ಹಿರಿಯರು ತಮ್ಮ ಉಚ್ಚಾರಣೆಯಲ್ಲೇ ಉತ್ತರ ಕೊಡುತ್ತಾರೆ.

ತಿಂಗಳು ಮುಗಿದ ಮೇಲೆ ಮತ್ತೆ ಶ್ರೀಕಾರ್ಯಂಗೆ ಹೋಗಿ ಇಷ್ಟನ್ನೂ ಒಪ್ಪಿಸಿದೆ. ಹುಡುಗ ‘ಎ ಲವ್ ಸುಪ್ರೀಮ್’ನ ಕೊನೆಯ ಭಾಗವನ್ನು ಹಾಕಿ, ಹೊದಿಕೆಯ ಪದ್ಯವನ್ನು ಫೋನಿನಲ್ಲಿ ತೆರೆದು ತಂದೆಯ ಕೈಗಿಟ್ಟ. ಮಿತ್ರರು ಕನ್ನಡಕ ಏರಿಸಿಕೊಂಡು ಸಾಲುಗಳ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, “ಇನ್ನೊಮ್ಮೆ ಹಾಕು. ಆದರೆ ಆ ಡ್ರಮ್ಮು ಸ್ವಲ್ಪ ಕಡಿಮೆ ಮಾಡು” ಎಂದರು.

“ಅದೊಂದನ್ನೇ ಕಡಿಮೆ ಮಾಡ್ಲಿಕ್ಕಾಗುವುದಿಲ್ಲ ಅಪ್ಪ,” ಎಂದ ಹುಡುಗ, ಮತ್ತೆ ಹಾಕಿದ.